ಒಂಬತ್ತು ದಿನದ ನೀರು

ಮೆಂದೋಸಾ
ಡಿಸೆಂಬರ್ ೨

ಎವಾರಿಸ್ತೊ,

ನಾವು ಬೇರೆಯಾದ ಎಂಟು ವರ್ಷಗಳಲ್ಲಿ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಮಾಡಿದ್ದಕ್ಕೆಲ್ಲ ಕೃತಜ್ಞತೆ ಹೇಳಲು ಆಗಲೇ ಬರೆಯಬೇಕಿತ್ತು. ಒಂದು ತಿಂಗಳು ತಡವಾಯಿತು. ಪೆಟ್ಟಿಗೆಗೆ ಹೆಗಲು ಕೊಟ್ಟದ್ದಕ್ಕೆ, ಪಾದ್ರಿಯ ಊಟ ನೋಡಿಕೊಂಡದ್ದಕ್ಕೆ, ಅಮ್ಮನ ಕೋಳಿಗಳನ್ನು ನಿನ್ನ ಹಿತ್ತಲಿಗೆ ಒಯ್ದದ್ದಕ್ಕೆ, ಎಲ್ಲಕ್ಕೂ.

ಆದರೆ ಈ ಪತ್ರಕ್ಕೆ ಕಾರಣ ಬೇರೆ.

ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಗೊತ್ತಿರಲಾರದು. ನಿಮ್ಮ ಕಾಲುವೆಯ ಸಂಘ ಎರಡು ವರ್ಷದ ಹಿಂದೆ ನೀರು ಹಂಚುವ ಕೆಲಸವನ್ನು ಒಂದು ಎಐ ಏಜೆಂಟಿಗೆ ಒಪ್ಪಿಸಿತಲ್ಲ, ಊರವರು ಮೌನಿ ಎಂದು ಕರೆಯುವುದು, ಅಂಥ ಏಜೆಂಟುಗಳಿಗೆ ಬರುವ ಮಾಹಿತಿಯನ್ನು ತಾಳೆ ನೋಡುವ ಕಚೇರಿ ನಮ್ಮದು. ಏಜೆಂಟು ಯಾರನ್ನೂ ಕೇಳದೆ ತಾನೇ ತೂಬು ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಮಾಡಿದ್ದನ್ನೆಲ್ಲ ಬ್ಲಾಕ್‌ಚೈನಿನಲ್ಲಿ ಬರೆದಿಡುತ್ತದೆ. ಆ ಬರಹ ಏಕಕಾಲಕ್ಕೆ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವುದರಿಂದ ಆಮೇಲೆ ಯಾರೂ ತಿದ್ದಲಾಗುವುದಿಲ್ಲ, ನಾವು ಕೂಡ. ಆದ್ದರಿಂದ ಅದರ ಕಿವಿಗೆ ಬೀಳುವ ಮಾತು ನಿಜವಾಗಿರಬೇಕು. ಸಾಕ್ಷಿಗಳು ಒಂದಕ್ಕೊಂದು ಹೊಂದದೆ ಹೋದಾಗ ಮಾತ್ರ ಕಡತ ನಮ್ಮಂಥ ಮನುಷ್ಯರ ಮೇಜಿಗೆ ಬರುತ್ತದೆ.

ಕಳೆದ ಗುರುವಾರ ನನ್ನ ಮೇಜಿಗೆ ಬಂದದ್ದು: ಎಲ್ ನೊಗಾಲಿತೊ ಕಾಲುವೆ, ಹದಿನೇಳನೆಯ ತೂಬು. ತೋಟದ ಒಡತಿ ತೀರಿಕೊಂಡಿದ್ದಾರೆ. ನೀರು ಕೇಳಿದವರಿಲ್ಲ. ಆದರೂ ಒಂಬತ್ತು ದಿನ ನೀರು ಹರಿದಿದೆ. ಆ ಒಂಬತ್ತು ಸಂಜೆಯೂ ನೀರುಗಂಟಿ ಕಳಿಸಿದ ಸಂದೇಶ ಒಂದೇ: "ಎಲ್ಲ ಸರದಿ ಪ್ರಕಾರ."

ಹದಿನೇಳನೆಯ ತೂಬು ಅಮ್ಮನದು. ನೀರುಗಂಟಿ ನೀನು.

ಕಡತವನ್ನು ಅಂದೇ ಬಿಟ್ಟುಕೊಟ್ಟೆ. ಈಗ ನನ್ನ ಸಹೋದ್ಯೋಗಿ ಅರಾಸೆಲಿ ನೋಡುತ್ತಿದ್ದಾಳೆ. ತೋಟದ ಈಗಿನ ಒಡತಿಯಾಗಿ ನಿನಗೆ ಬರೆಯಬಹುದೇ ಎಂದು ಮೇಲಿನವರನ್ನು ಕೇಳಿದೆ. ಅಡ್ಡಿಯಿಲ್ಲ, ಕಚೇರಿಯ ಮೂಲಕ ಬೇಡ ಎಂದರು. ಫೋನಿನಲ್ಲಿ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ. ಅದಕ್ಕೇ ಕಾಗದ, ಬಸ್ ಓಡಿಸುವ ಕಿರೋಗಾನ ಕೈಯಲ್ಲಿ.

ನನಗೊಂದು ಊಹೆ ಇದೆ. ಊಹೆ ಸಾಕ್ಷಿಯಲ್ಲ. ಏನಾಯಿತೆಂದು ತಿಳಿಸು.

ನೆಲಿದಾ ಆರಾಂದಾ


ಎಲ್ ನೊಗಾಲಿತೊ
ಡಿಸೆಂಬರ್ ೯

ನೆಲಿದಾ,

ಕಿರೋಗಾ ನಿನ್ನ ಕವರನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾಗದ ಬಂದಿದೆ ಅಂದ್ರೆ ಯಾರೋ ಸತ್ತಿರ್ಬೇಕು" ಅಂದ. "ಇಲ್ಲ ಮಾರಾಯ, ಯಾರೋ ಬದುಕಿದಾರೆ" ಅಂದೆ. ಬಸ್ಸಲ್ಲಿದ್ದೋರೆಲ್ಲ ನಕ್ಕುಬಿಟ್ರು.

ಕೋಳಿಗಳು ಚೆನ್ನಾಗಿವೆ. ಬಿಳಿಯದು ಮಾತ್ರ ನನ್ನ ನಂಬಲ್ಲ. ದಿನಾ ಸಂಜೆ ನಿಮ್ಮ ಬೇಲಿ ಹತ್ರ ಹೋಗಿ ನಿಂತ್ಕೊಳತ್ತೆ. ಅತ್ತೆ ಕರೆಯೋ ಥರ ನಾಲಿಗೆ ಲೊಚಗುಟ್ಟಿದ್ರೆ ಬರತ್ತೆ. ಸುತ್ತ ಯಾರೂ ಇಲ್ಲದಾಗ ಹಾಗೆ ಕರೀತೀನಿ.

ನೀನು ಕೇಳಿದ್ದಕ್ಕೆ ಬರ್ತೀನಿ. ನೀನು ಈ ಊರಲ್ಲೇ ಹುಟ್ಟಿದವಳು. ನನ್ನ ಬಾಯಿಂದ ಹೇಳಿಸ್ಬೇಕಾ? ಸರಿ, ನಿಮ್ಮ ಕಚೇರಿಯವರು ಓದೋದಾದ್ರೆ ಓದ್ಲಿ. ಒಂದು ಮನೇಲಿ ಸಾವಾದ್ರೆ, ಪ್ರಾರ್ಥನೆ ಮುಗಿಯೋ ಒಂಬತ್ತು ದಿನ ಆ ಮನೆಯವರು ಕಾಲುವೆಗೆ ಬರೋದಿಲ್ಲ. ಹಾಗಂತ ಅವರ ಗಿಡ ಒಣಗಬಾರದು. ದೊಡ್ಡ ತೂಬು ಈಗ ಮೌನಿ ತೆಗೆದ್ರೂ ತೋಟದೊಳಗಿನ ಮಡೆ ಇನ್ನೂ ಕೈಯಲ್ಲೇ ಅಲ್ವಾ. ಅಕ್ಕಪಕ್ಕದೋರು ತಮ್ಮ ಸರದಿ ಮುಗಿಯೋಕೆ ಸ್ವಲ್ಪ ಮುಂಚೆ ಮಡೆ ಮುಚ್ಚಿ ಮನೆಗೆ ಹೋಗ್ತಾರೆ. ಸಾವಿನ ಮನೆ ಮಡೆ ಆ ದಿನಗಳಲ್ಲಿ ತೆರೆದೇ ಇರತ್ತೆ, ಮಿಕ್ಕ ನೀರು ಅಲ್ಲಿಗೆ ಹರಿಯತ್ತೆ. ಯಾರು ಎಷ್ಟು ಬಿಟ್ರು ಅಂತ ಯಾರೂ ಕೇಳಲ್ಲ, ಬಿಟ್ಟೋರು ಹೇಳಲ್ಲ. ನೀರುಗಂಟಿ ಬೆನ್ನು ತಿರುಗಿಸಿ ನಿಂತಿರ್ತಾನೆ. ನಮ್ಮಪ್ಪನೂ ಹಾಗೇ ನಿಲ್ತಿದ್ದ. ಸಂಜೆ ಸಂಘದೋರು ಕೇಳಿದ್ರೆ ಎಲ್ಲ ಸರದಿ ಪ್ರಕಾರ ಅಂತಿದ್ದ. ನಾನೂ ಅದನ್ನೇ ಕಳಿಸಿದೆ. ಸುಳ್ಳು ಕಳಿಸ್ತಿದೀನಿ ಅಂತ ಒಂದು ಸಲವೂ ಅನ್ನಿಸ್ಲಿಲ್ಲ. ಸಾವಾದಾಗ ಸರದಿ ಅಂದ್ರೆ ಅದೇ ಅಲ್ವಾ?

ಆದ್ರೆ ಈಗ ಇಲ್ಲಿ ಒಂದು ತೊಂದ್ರೆ ಆಗಿದೆ. ಮೌನಿ ದಿನಾ ಸಂಜೆ ನನ್ನ ಫೋನಿಗೆ 'ಇವತ್ತು ಹೇಗಿತ್ತು' ಅಂತ ಕೇಳ್ತಿತ್ತು. ಈಗ ಕೇಳೋದು ಬಿಟ್ಟಿದೆ. ನಾನಾಗೇ ಕಳಿಸಿದ್ರೂ ಉತ್ತರ ಇಲ್ಲ. ಅದು ಹೋಗ್ಲಿ. ಅಕ್ಕಪಕ್ಕದ ತೋಟದ ಒತೀಲಿಯಾ, ತೆಹಾದಾ, ಇನ್ನಿಬ್ಬರ ನೀರು ಕಡಿಮೆ ಮಾಡಿದೆ. ತಾವಾಗೇ ಬೇಗ ಮುಚ್ಚಿದ್ರು, ಇವರಿಗೆ ಇಷ್ಟೇ ಸಾಕು ಅಂತ ಅದರ ಲೆಕ್ಕ. ಒತೀಲಿಯಾನ ಮೆಂಬ್ರಿಯೊ ಹಣ್ಣುಗಳು ಇನ್ನೂ ಹಸಿರು ಗೋಲಿ ಇದ್ದ ಹಾಗಿವೆ. ಈ ಬಿಸಿಲಲ್ಲಿ ನೀರಿಲ್ಲದಿದ್ರೆ ಮರಾನೇ ಅವನ್ನ ಉದುರಿಸಿಬಿಡತ್ತೆ.

ಮೌನಿ ಜೊತೆ ಮಾತಾಡೋದು ಹೇಗೆ, ಹೇಳು. ಬೈದು ನೋಡಿದೆ. ಕೇಳಿಸ್ಕೊಳಲ್ಲ.

ಎವಾರಿಸ್ತೊ


ಮೆಂದೋಸಾ
ಡಿಸೆಂಬರ್ ೧೫

ಎವಾರಿಸ್ತೊ,

ಬಿಳಿ ಕೋಳಿಯ ವಿಷಯ ಓದಿ ಕಚೇರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ನನ್ನ ಊಹೆ ಸರಿಯಾಗಿತ್ತು. ಮೌನಿಯ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ, ಬೈಯಬೇಡ. ಅದಕ್ಕೆ ಕಣ್ಣಿಲ್ಲ. ಕಾಲುವೆಯಲ್ಲಿ ನಡೆಯುವುದನ್ನು ಅದು ಮೂರು ಸಾಕ್ಷಿಗಳಿಂದ ತಿಳಿಯುತ್ತದೆ. ಕಾಲುವೆಯೊಳಗೆ ಕೂರಿಸಿರುವ ಅಳತೆಯ ಯಂತ್ರ ಒಂದು, ಮೇಲಿನಿಂದ ಎಲೆಗಳ ಹಸಿರು ನೋಡುವ ಉಪಗ್ರಹ ಇನ್ನೊಂದು, ಮೂರನೆಯದು ನೀನು. ಒಂದೇ ಬಾಯಿಯನ್ನು ನಂಬಿ ತೂಬು ತೆರೆದರೆ ಯಾರಾದರೂ ಆ ಬಾಯಿಯನ್ನು ಕೊಳ್ಳಬಹುದು. ಯಂತ್ರಕ್ಕೆ ಕಲ್ಲು ಅಡ್ಡ ಇಟ್ಟು ಮೋಸ ಮಾಡುವವರಿದ್ದಾರೆ, ಬೇರೆ ಕಣಿವೆಯಲ್ಲಿ ಮಾಡಿದ್ದಾರೆ. ಅಂಥ ಹೊತ್ತಿನಲ್ಲಿ ಅದನ್ನು ತಿದ್ದಲಿಕ್ಕೆಂದೇ ನಿನ್ನ ಮಾತನ್ನು ಅಲ್ಲಿ ಇಟ್ಟದ್ದು.

ಎರಡು ಸಾಕ್ಷಿಗಳು ಒಂದು ಹೇಳಿ ಮೂರನೆಯದು ಬೇರೆ ಹೇಳಿದರೆ, ಮೂರನೆಯದರ ಮೇಲಿನ ನಂಬಿಕೆಯ ಅಂಕ ಇಳಿಯುತ್ತದೆ. ಮೌನಿ ಬಂದ ಮೇಲೆ, ಅಮ್ಮನಿಗಿಂತ ಮೊದಲು, ಊರಿನಲ್ಲಿ ಎರಡು ಸಾವುಗಳಾದವಂತೆ. ಎರಡು ಸಲವೂ ನಿನ್ನ ಅಂಕ ಇಳಿದಿದೆ. ಅಮ್ಮನ ಸಲ ಗೆರೆಯ ಕೆಳಗೆ ಹೋಯಿತು. ಗೆರೆ ದಾಟಿದ ಸಾಕ್ಷಿಯನ್ನು ಅದು ಕೇಳುವುದಿಲ್ಲ. ನೀನು ಸುಳ್ಳುಗಾರ ಎಂದು ಅದು ಎಲ್ಲಿಯೂ ಬರೆದಿಲ್ಲ. 'ಹೊಂದಲಿಲ್ಲ' ಎಂದಷ್ಟೇ ಬರೆದಿದೆ. ಆ ಪದವನ್ನು ನಾನು ಎಷ್ಟೋ ಜನರ ಹೆಸರಿನ ಮುಂದೆ ನೋಡಿದ್ದೇನೆ. ಈ ಸಲ ನೋಡಲಾಗಲಿಲ್ಲ.

ಜನವರಿ ಮೂವತ್ತೊಂದರವರೆಗೆ ಆಕ್ಷೇಪಣೆ ಕೊಡಬಹುದು. ಅಷ್ಟರೊಳಗೆ ಏನೂ ಆಗದಿದ್ದರೆ ಈಗ ಇಳಿದಿರುವ ಪಾಲೇ ಒತೀಲಿಯಾ ಮತ್ತು ಉಳಿದವರಿಗೆ ಕಾಯಂ ಆಗುತ್ತದೆ. ನೀನು ನೀರುಗಂಟಿಯಾಗಿ ಇರುತ್ತೀಯ, ಆದರೆ ನಿನ್ನ ಮಾತಿಗೆ ಕಿವಿ ಇರುವುದಿಲ್ಲ.

ದಾರಿ ಸುಲಭವಿದೆ. ನೀರು ಬಿಟ್ಟ ನಾಲ್ವರೂ 'ನಾನು ಇಷ್ಟು ಬಿಟ್ಟೆ' ಎಂದು ಒಂದು ಸಾಲು ಹೇಳಿದರೆ ಸಾಕು. ಯಂತ್ರದ ಅಳತೆಗೆ ಅದು ತಾಳೆಯಾದರೆ ಎಲ್ಲ ಹಿಂದಕ್ಕೆ ಬರುತ್ತದೆ. ಅವರನ್ನು ಕೇಳುತ್ತೀಯಾ?

ನೆಲಿದಾ


ಎಲ್ ನೊಗಾಲಿತೊ
ಡಿಸೆಂಬರ್ ೨೩

ನೆಲಿದಾ,

ಕೇಳಿದೆ. ನನಗೆ ಇಷ್ಟ ಇರ್ಲಿಲ್ಲ, ನೀನು ಹೇಳಿದೆ ಅಂತ ಕೇಳಿದೆ.

ಸಂಘದ ತಗಡಿನ ಶೆಡ್ಡಲ್ಲಿ ಸೇರಿದ್ವಿ. ಒಳಗೆ ಬ್ರೆಡ್ಡು ಬೇಯಿಸೋ ಅಷ್ಟು ಸೆಕೆ. ಅಧ್ಯಕ್ಷ ಇಲಾರಿಯೋನ್ ಎಲ್ಲರ ಮುಂದೆ ಶುರು ಮಾಡಿದ: "ಯಂತ್ರಕ್ಕೆ ಸುಳ್ಳು ಹೇಳಿ ಸಿಕ್ಕಿಬಿದ್ದ ಮೊದಲನೇ ನೀರುಗಂಟಿ ನೀನೇ ಕಣೋ. ಮನುಷ್ಯರಿಗೆ ಹೇಳಿದ್ರೆ ಹೇಗೋ ನಡೀತಿತ್ತು."

ತೆಹಾದಾ ಬಿಡ್ತಾನಾ? "ಅಧ್ಯಕ್ಷರೇ, ನೀವು ಮನುಷ್ಯರಿಗೆ ಹೇಳಿದ್ದೆಲ್ಲ ಎಷ್ಟು ನಡೆದಿದೆ ಅಂತ ಮೂರು ಚುನಾವಣೆಯಿಂದ ನೋಡ್ತಿದೀವಿ."

ನಾನು ನಿನ್ನ ಮಾತನ್ನ ಹಾಗೇ ಮುಂದಿಟ್ಟೆ. ಬಿಟ್ಟೋರು ಒಂದು ಸಾಲು ಹೇಳಿದ್ರೆ ಅವರ ನೀರು ಅವರಿಗೆ ವಾಪಸ್ ಅಂತ. ಒತೀಲಿಯಾ ಬೀಸಣಿಗೆ ಮಡಚಿ, "ನಾನ್ಯಾಕೆ ಬಿಡ್ಲಿ? ಅವತ್ತು ಕಾಲು ನೋಯ್ತಿತ್ತು, ಬೇಗ ಮುಚ್ಚಿ ಹೋಗಿ ಮಲಗಿದೆ" ಅಂದ್ಲು.

"ನಂಗೂ ಕಾಲುನೋವು" ಅಂದ ತೆಹಾದಾ.

ಉಳಿದಿಬ್ಬರಿಗೂ ಕಾಲುನೋವಂತೆ. ಒಂಬತ್ತು ದಿನವೂ ನೋವಂತೆ. ಇಲಾರಿಯೋನ್ ಹಣೆ ಚಚ್ಚಿಕೊಂಡು, "ಹಾಗಾದ್ರೆ ಊರಿಗೆ ಬೇಕಾಗಿರೋದು ನೀರಲ್ಲ, ಡಾಕ್ಟ್ರು" ಅಂದ.

ಹೊರಗೆ ಬಂದ ಮೇಲೆ ತೆಹಾದಾ ನನ್ನ ತೋಳು ಹಿಡ್ಕೊಂಡ. ಅವನು ನಗ್ತಿರ್ಲಿಲ್ಲ. "ಕೊಟ್ಟೆ ಅಂತ ಹೇಳಿದ್ರೆ ಅದು ಕೊಟ್ಟ ಹಾಗಾ? ನಿಮ್ಮತ್ತೆ ದೋನ್ಯಾ ಸೆಲ್ಮಿರಾಗೆ ನಾನು ರಸೀದಿ ಹರಿಯೋದಾ? ನಿನ್ನ ಹೆಂಡ್ತಿಗೆ ಹೇಳು, ಇಷ್ಟು ವರ್ಷ ಪೇಟೇಲಿದ್ದು ಮರೆತಿರ್ಬೇಕು ಅಂತ."

ನಾನೂ ನಿನಗೆ ಒಂದು ಹೇಳ್ಬೇಕು. ಮಣ್ಣಾದ ಮಾರನೇ ದಿನವೇ ನೀನು ಬಸ್ ಹತ್ತಿದೆ. ಒಂಬತ್ತು ದಿನ ಇದ್ದಿದ್ರೆ ಎಲ್ಲ ನಿನ್ನ ಕಣ್ಣಿಂದಲೇ ನೋಡ್ತಿದ್ದೆ. ನೀರು ಎಲ್ಲಿಂದ ಬಂತು ಅಂತ ಯಂತ್ರದ ಬಾಯಿಂದ ಕೇಳೋ ಪಾಡು ಬರ್ತಿರ್ಲಿಲ್ಲ.

ಹಬ್ಬದ ಶುಭಾಶಯ.

ಎವಾರಿಸ್ತೊ


ಮೆಂದೋಸಾ
ಜನವರಿ ೭

ಎವಾರಿಸ್ತೊ,

ಹಬ್ಬಕ್ಕೆ ಮೊದಲೇ ನಿನ್ನ ಪತ್ರ ಬಂತು. ಉತ್ತರ ಬರೆದೆ, ಹರಿದೆ. ಇನ್ನೊಂದು ಬರೆದೆ. ಅದನ್ನೂ ಹರಿದೆ.

ನಾನು ಹೊರಟುಬಂದದ್ದಕ್ಕೆ ಕೆಲಸ ಕಾರಣ ಎಂದು ಎಲ್ಲರಿಗೂ ಹೇಳಿದ್ದೆ. ನಿಜವಾದ ಕಾರಣ ಇದು. ಸ್ಮಶಾನದಿಂದ ಬಂದ ಮಧ್ಯಾಹ್ನ ಅಮ್ಮನ ಅಡುಗೆಮನೆಯಲ್ಲಿ ಒತೀಲಿಯಾ ಸೂಪು ಬಡಿಸುತ್ತಿದ್ದಳು. ಉದ್ದನೆಯ ಬೆಂಚಿನ ಮೇಲೆ ಎಲ್ಲರೂ ಒತ್ತೊತ್ತಾಗಿ ಕೂತಿದ್ದರು, ಆದರೂ ನಿನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಬಾ ಎಂದು ಯಾರೂ ಕರೆಯಲಿಲ್ಲ. ಯಾರೂ ಆ ಜಾಗಕ್ಕೆ ಸರಿಯಲೂ ಇಲ್ಲ. ನಾನು ಬಾಗಿಲ ಬಳಿ ನಿಂತುಕೊಂಡೇ ಉಂಡೆ. ಅಲ್ಲಿ ಕೂತರೆ ಏಳುವುದು ನನ್ನಿಂದ ಆಗುವುದಿಲ್ಲ ಅನ್ನಿಸಿತು. ಅದಕ್ಕೇ ಮರುದಿನದ ಬಸ್ಸು.

ತೆಹಾದಾ ಹೇಳಿದ್ದು ಸರಿ. ಅವರನ್ನು ಕೇಳಬಾರದಿತ್ತು. ನಾನು ಸಾಕ್ಷಿ ಹುಡುಕುವವಳು; ಮಾತು ಯಾರಲ್ಲಿದೆಯೋ ಅವರನ್ನೇ ಕೇಳುವುದು ನನಗೆ ಅಭ್ಯಾಸ. ಕೇಳಿದ ಮಾತ್ರಕ್ಕೆ ಕೆಟ್ಟುಹೋಗುವ ಮಾತುಗಳೂ ಇರುತ್ತವೆ ಎಂದು ನೆನಪಿರಲಿಲ್ಲ.

ಒಂದು ಯೋಚನೆ ಬಂದಿದೆ. ಕೊಟ್ಟವರು ಹೇಳಬಾರದು, ಅದು ಊರ ಮಾತು. ಪಡೆದವರು ಹೇಳಬಾರದು ಎಂದು ಯಾರಾದರೂ ಹೇಳಿದ್ದಾರಾ? ನನಗಂತೂ ನೆನಪಿಲ್ಲ. ಹಿರಿಯರನ್ನು ಕೇಳಿ ನೋಡು. ಹಾಗೆ ಇಲ್ಲವೆಂದಾದರೆ, ಹದಿನೇಳನೆಯ ತೂಬಿನ ನೀರು ಪಡೆದವಳು ನಾನು. ನಾನು ಹೇಳಬಹುದು.

ನೆಲಿದಾ


ಎಲ್ ನೊಗಾಲಿತೊ
ಜನವರಿ ೧೩

ನೆಲಿದಾ,

ಬೆಂಚಿನ ವಿಷಯ. ಆ ಜಾಗ ಅವರು ಬಿಟ್ಟಿದ್ದಲ್ಲ. ನಾನು ಬಿಟ್ಟಿದ್ದು. ತೆಹಾದಾ ಎರಡು ಸಲ ಕೂರೋಕೆ ಬಂದ, ಎರಡು ಸಲವೂ ಮೊಣಕೈಯಿಂದ ತಿವಿದು ಕಳಿಸಿದೆ.

ಈಗ ಮಿಕ್ಕಿದ್ದು. ಒತೀಲಿಯಾನ್ನ ಕೇಳೋಕೆ ಹೋದಾಗ ಅವಳು ಪಾತ್ರೆ ತೊಳೆದ ನೀರನ್ನ ಬಕೀಟಲ್ಲಿ ಮರಗಳಿಗೆ ಹೊರ್ತಿದ್ಲು. ಬಕೀಟು ಇಸ್ಕೊಂಡೆ. ಮೊದಲು ಬೈದ್ಲು, ಆಮೇಲೆ ಕೊಟ್ಲು. ನೆಲದ ಮೇಲೆಲ್ಲ ಹಸಿರು ಕಾಯಿ. ಕಾಲಿಟ್ಟ ಕಡೆಯೆಲ್ಲ ಉರುಳ್ತಿದ್ವು. ಮೇಲಿಂದ ಸೋಂದಾ ಗಾಳಿ ಬೇರೆ, ಒಲೆ ಬಾಗಿಲು ತೆಗೆದ ಹಾಗೆ.

ನೀನು ಕೇಳಿದ್ದನ್ನ ಕೇಳಿದೆ. ಅವಳು ಬಕೀಟು ಬೋರಲು ಹಾಕಿ ಅದರ ಮೇಲೆ ಕೂತ್ಕೊಂಡ್ಲು.

"ಪಡೆದೋರು ಹೇಳಬಾರದು ಅಂತ ನಮ್ಮಜ್ಜಿ ಹೇಳಿಲ್ಲ. ಯಾರೂ ಹೇಳಿಲ್ಲ. ಆದ್ರೆ ಯಾರೂ ಹೇಳ್ಕೊಂಡೂ ಇಲ್ಲ."

"ಯಾಕೆ?"

"ನಾಚಿಕೆ ಕಣೋ. ಬೇರೆಯವರ ನೀರು ಬಂತಲ್ಲ ಅಂತಲ್ಲ. ಬಾಗಿಲು ಹಾಕ್ಕೊಂಡು ಅಳ್ತಿದ್ದಾಗ ಹೊರಗೆ ಯಾರೋ ನಿಂತಿದ್ರು ಅಂತ ಆಮೇಲೆ ಗೊತ್ತಾಗತ್ತಲ್ಲ, ಅದಕ್ಕೆ."

ಆಮೇಲೆ ನನ್ನ ಮುಖ ನೋಡಿ, "ಸೆಲ್ಮಿರಾ ಮಗಳು ಹೇಳ್ತಾಳಂತಾ? ಅವಳು ಚಿಕ್ಕವಳಿದ್ದಾಗ ನಾಚಿಕೆಗೆ ಕೈಲಿದ್ದ ಸೆಮಿತಾ ರೊಟ್ಟಿ ತಿನ್ನದೆ ಜೇಬಿಗೆ ಹಾಕ್ಕೊಳ್ತಿದ್ಲು" ಅಂದ್ಲು.

ನಿನ್ನ ಕೆಲಸಕ್ಕೆ ತೊಂದ್ರೆ ಆಗೋದಾದ್ರೆ ಬೇಡ. ನನ್ನ ಮಾತಿಗೆ ಕಿವಿ ಇಲ್ಲದಿದ್ರೆ ನಾನು ಸಾಯಲ್ಲ. ಅವಳ ಮರಗಳ ಮಾತು ಬೇರೆ.

ಎವಾರಿಸ್ತೊ


ಮೆಂದೋಸಾ
ಜನವರಿ ೨೧

ಎವಾರಿಸ್ತೊ,

ನಿನ್ನೆ ಹೇಳಿದೆ. ನಾನು ಬರೆದದ್ದನ್ನು ಹಾಗೆಯೇ ಕೊಡುತ್ತೇನೆ:

"ನನ್ನ ತಾಯಿ ತೀರಿಕೊಂಡಾಗ ನಮ್ಮ ತೋಟಕ್ಕೆ ಒಂಬತ್ತು ದಿನ ನೀರು ಬಂತು. ನಾನು ಕೇಳಿರಲಿಲ್ಲ. ಕೇಳಲು ಅಲ್ಲಿ ಇರಲೂ ಇಲ್ಲ. ಸಾವಿನ ಮನೆಗೆ ನೆರೆಯವರು ತಮ್ಮ ಪಾಲಿನಿಂದ ನೀರು ಬಿಡುವುದು 'ಎಲ್ ನೊಗಾಲಿತೊ'ದ ಪದ್ಧತಿ. ಯಾರು ಬಿಟ್ಟರೆಂದು ನಾನು ಹೇಳುವುದಿಲ್ಲ, ಅದು ಹೇಳುವ ಮಾತಲ್ಲ. ನೀರುಗಂಟಿ 'ಸರದಿ ಪ್ರಕಾರ' ಎಂದದ್ದು ಈ ಪದ್ಧತಿಯನ್ನೇ. ಬಿಟ್ಟವರಿಗೆ ನೀರು ಬೇಡವಾಗಿರಲಿಲ್ಲ."

ಅಳತೆ ತಾಳೆಯಾಯಿತು ಎಂದು ಅರಾಸೆಲಿ ಹೇಳಿದಳು. ಮೇಲೆ ಕಡಿಮೆಯಾದದ್ದೂ ಕೆಳಗೆ ಬಂದದ್ದೂ, ಕಾಲುವೆಯ ಮಣ್ಣು ಕುಡಿದದ್ದನ್ನು ಬಿಟ್ಟರೆ, ಸರಿಸಮ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಆದರೆ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ. ಸಾಕ್ಷಿ ಹೇಳುವವರು ನೀರುಗಂಟಿಗೆ ಏನಾಗಬೇಕು ಎಂದು. ಬೇರೆಯವರ ಕಡತಗಳಲ್ಲಿ ಅದನ್ನು ನಾನೇ ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಪಕ್ಕದ ಮೇಜಿನ ಗೆಳತಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಬೇರೆ ಊರು, ಬೇರೆ ಮನೆ, ಎಂಟು ವರ್ಷ. 'ಸಂಬಂಧವಿಲ್ಲ' ಅಂತ ಒತ್ತು ಕಣೇ, ಯಾರು ಕೇಳ್ತಾರೆ? ಇಲ್ಲಾಂದ್ರೆ ನಿನ್ನ ಮಾತಿಗೆ ತೂಕಾನೇ ಇರಲ್ಲ."

ಅವಳು ಹೇಳಿದ್ದು ನಿಜ. ಮನೆಯವರ ಸಾಕ್ಷಿ ಎಂದರೆ ಒಂದೇ ಬಾಯಿ ಎರಡು ಸಲ ಮಾತಾಡಿದಂತೆ. ಆ ನಿಯಮ ಸರಿಯಾದದ್ದು. ಅದನ್ನು ಬರೆದವರಲ್ಲಿ ನಾನೂ ಒಬ್ಬಳು.

ನೀನೂ ನಾನೂ ನ್ಯಾಯಾಧೀಶರ ಮುಂದೆ ಹೋಗಲೇ ಇಲ್ಲ. ಕಾಗದದ ಮೇಲೆ ಉತ್ತರ ಬೇರೆ ಇಲ್ಲ. ಆದರೆ ನಾನು ಕಾಗದದ ಬಗ್ಗೆ ಯೋಚಿಸುತ್ತ ಕೂತಿರಲಿಲ್ಲ. 'ಹೆಂಡತಿ' ಎಂದು ಬರೆದೆ.

ನನ್ನ ಸಾಕ್ಷಿ ಉಳಿಯಿತು, ತೂಕ ಹೋಯಿತು. ನಿನ್ನ ಅಂಕ ಗೆರೆಗೆ ಸ್ವಲ್ಪ ಹತ್ತಿರ ಬಂದು ಅಲ್ಲೇ ನಿಂತಿದೆ. ನಿನಗೆ ಸಂಬಂಧಪಡದವರು ಯಾರಾದರೂ ಇದೇ ಮಾತು ಹೇಳಿದರೆ ಮಾತ್ರ ಮೇಲೇಳುತ್ತದೆ. ಹತ್ತು ದಿನ ಉಳಿದಿದೆ. ಬಹುಶಃ ನಾನು ನಿಮ್ಮೆಲ್ಲರ ಕೆಲಸ ಕೆಡಿಸಿದೆ. ಒತೀಲಿಯಾಗೆ ಹೇಗೆ ಹೇಳುತ್ತೀಯೋ ತಿಳಿಯದು. ಅವಳ ಮರಗಳಿಗಾಗಿ ಆ ಒಂದು ಪದವನ್ನು ಬಿಟ್ಟುಕೊಡಬಹುದಿತ್ತು. ಬೆರಳು ಅಲ್ಲಿಗೆ ಹೋಗಲಿಲ್ಲ.

ಕ್ಷಮಿಸು.

ನೆಲಿ


ಎಲ್ ನೊಗಾಲಿತೊ
ಫೆಬ್ರವರಿ ೪

ನೆಲಿ,

ತಡವಾಗಿ ಬರೀತಿದೀನಿ. ಇಲ್ಲಿ ಆಗಿದ್ದನ್ನ ಮೊದಲಿಂದ ಹೇಳ್ತೀನಿ.

ನಾನು ಯಾರಿಗೂ ಏನೂ ಹೇಳಿರ್ಲಿಲ್ಲ. ನಿನ್ನ ಕಾಗದ ಅಂಗಿ ಜೇಬಲ್ಲಿಟ್ಕೊಂಡು ಸುಮ್ಮನೆ ಓಡಾಡ್ತಿದ್ದೆ. ಆದ್ರೆ ಮೌನಿ ಲೆಕ್ಕದಲ್ಲಿ ಬರೆದಿದ್ದನ್ನ ಯಾರು ಬೇಕಾದ್ರೂ ಓದಬಹುದಂತಲ್ಲ. ಗಡುವಿಗೆ ಮೊದಲಿನ ಶನಿವಾರ ಶೆಡ್ಡಲ್ಲಿ ಎಲ್ಲ ಯೆರ್ಬಾ ಕಷಾಯ ಕುಡೀತಾ ಕೂತಿದ್ವಿ. ತೆಹಾದಾ ತನ್ನ ಪಾಲಿನ ನೀರು ಎಷ್ಟು ಅಂತ ನೋಡೋಕೆ ಫೋನು ತೆಗೆದ. "ಇದೇನಿದು ಹದಿನೇಳನೇ ತೂಬು?" ಅಂತ ಜೋರಾಗಿ ಓದೋಕೆ ಶುರು ಮಾಡಿದ. ನಿನ್ನ ಮಾತೆಲ್ಲ ಓದಿದ. ಕೊನೇ ಪ್ರಶ್ನೆ ಓದಿದ. ಉತ್ತರ ಓದಿದ. ತೆಹಾದಾ ಬಾಯಿ ಮುಚ್ಚಿದ್ದನ್ನ ಈ ಊರು ಅವತ್ತೇ ನೋಡಿದ್ದು.

ಒತೀಲಿಯಾ ಎದ್ದು ಅವನ ಕೈಯಿಂದ ಫೋನು ಕಿತ್ಕೊಂಡ್ಲು. "ಎಲ್ಲಿ ಮಾತಾಡ್ಬೇಕು ಇದಕ್ಕೆ? ಇಲ್ಲಾ? ಕೇಳಿಸ್ತಿದೆಯಾ?" ಅಂತ ಫೋನಿಗೇ ಕೂಗಿದ್ಲು. ಆಮೇಲೆ ದನಿ ಇಳಿಸಿ ಹೇಳಿದ್ಲು: "ನನ್ನ ಗಂಡ ರುಪೆರ್ತೊ ಹೋದ ವರ್ಷ ಕಾಯಿ ಬಲಿಯೋ ಕಾಲಕ್ಕೆ ತೀರ್ಕೊಂಡ. ಒಂಬತ್ತು ದಿನ ನಮ್ಮ ಮನೆಗೆ ನೀರು ಬಂತು. ಯಾರದ್ದು ಗೊತ್ತಿಲ್ಲ. ರಾತ್ರಿಯೆಲ್ಲ ಕಿಟಕಿ ಕೆಳಗೆ ಹರಿಯೋ ಸದ್ದು ಕೇಳ್ತಿತ್ತು. ಒಬ್ಬಳೇ ಇದೀನಿ ಅನ್ನಿಸ್ಲಿಲ್ಲ. ಈ ನೀರುಗಂಟಿ ನನಗೆ ಏನೂ ಆಗಬೇಕಿಲ್ಲ, ಅವನ ಕಂಡ್ರೆ ಆಗೋದೂ ಇಲ್ಲ. ಬರ್ಕೊ."

ತೆಹಾದಾ ಎದ್ದ. ಅವನಮ್ಮ ಹೋಗಿದ್ದು ಸೇಬು ಹೂ ಬಿಟ್ಟಿದ್ದಾಗ. "ನಮ್ಮ ಮನೆಗೂ ಬಂತು" ಅಂದ. ಅಷ್ಟೇ ಅಂದ. ಅವರಾದ ಮೇಲೆ ಒಬ್ಬೊಬ್ಬರೇ. ನಂಗೂ ಗೊತ್ತಿರ್ಲಿಲ್ಲ ನೋಡು, ಈ ಊರಲ್ಲಿ ಪಡೆಯದೆ ಇರೋ ಮನೇನೇ ಇಲ್ಲ. ಯಾರೂ ಕೊಟ್ಟೆ ಅನ್ಲಿಲ್ಲ. ಎಲ್ಲರೂ ಬಂತು ಅಂದ್ರು.

ಕೊನೇಲಿ ಇಲಾರಿಯೋನ್. ಬಾಗಿಲ ಹತ್ರ ಬೆನ್ನು ಮಾಡ್ಕೊಂಡು ನಿಂತಿದ್ದ. "ನಮ್ಮ ಮೊದಲನೇ ಮಗು. ಹೆಸರಿಡೋಕೂ ಆಗಿರ್ಲಿಲ್ಲ. ಅಷ್ಟು ಚಿಕ್ಕದಕ್ಕೆ ಯಾರು ಲೆಕ್ಕ ಇಡ್ತಾರೆ ಅಂತಿದ್ದೆ. ಒಂಬತ್ತೂ ದಿನ ಬಂತು." ಅದು ಯಂತ್ರಗಳು ಹುಟ್ಟೋಕೆ ಎಷ್ಟೋ ಮುಂಚಿನ ಮಾತು. ತಾಳೆ ನೋಡೋಕೆ ಯಾವ ಅಳತೇನೂ ಇಲ್ಲ ಅಂತ ಅಧ್ಯಕ್ಷನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದ್ರೂ ಹೇಳಿದ.

ಒತೀಲಿಯಾದೂ ತೆಹಾದಾದೂ ಅಳತೆಗೆ ಸರಿಯಾಗಿ ಕೂತ್ವಂತೆ. ಅಷ್ಟು ಸಾಕಾಯ್ತು. ಭಾನುವಾರದಿಂದ ನಾಲ್ವರಿಗೂ ಪೂರ್ತಿ ನೀರು. ಒತೀಲಿಯಾನ ಮೂರು ಮರ ಹೋದ್ವು. ಉಳಿದಿದ್ದು ಹಿಡ್ಕೊಂಡಿವೆ. ಹೋದವನ್ನ ಕಡಿಯೋಕೆ ಬಿಡ್ತಿಲ್ಲ, ಇನ್ನೊಂದು ವಸಂತ ನೋಡೋಣ ಅಂತಾಳೆ.

ಸೋಮವಾರ ಸಂಜೆ ನನ್ನ ಫೋನು ಸದ್ದು ಮಾಡ್ತು. ಮೌನಿ. ಮೊದಲಿನ ಹಾಗೇ, 'ಇವತ್ತು ಹೇಗಿತ್ತು' ಅಂತ. ಅದರ ಕೆಳಗೆ ಇನ್ನೊಂದು ಪ್ರಶ್ನೆ, ಹೊಸದು: 'ಈ ವಾರ ಯಾರ ಮನೆಯಲ್ಲಾದರೂ ಸಾವು ಸಂಭವಿಸಿದೆಯೇ?' ನಿನ್ನ ಅರಾಸೆಲಿ ಸೇರಿಸಿದ್ದಿರಬೇಕು. ಯಾರು ಕೇಳಿದ್ರೇನು, ಕೇಳ್ತಲ್ಲ. ಬದುವಿನ ಮೇಲೆ ನಿಂತು ಊರಿನ ಒಂದೊಂದೇ ಮನೆ ನೋಡಿದೆ. ಎಲ್ಲ ಕಡೆ ಹೊಗೆ ಏಳ್ತಿತ್ತು. ಇಲ್ಲ ಅಂತ ಕಳಿಸಿದೆ.

ನೀನು ಬರೆದ ಆ ಪದದ ಬಗ್ಗೆ ನಾನು ಕಾಗದದಲ್ಲಿ ಏನೂ ಬರೆಯಲ್ಲ. ನೀನು ಯಾವುದನ್ನೂ ಕೆಡಿಸಿಲ್ಲ, ಅಷ್ಟು ತಿಳ್ಕೊ.

ಹದಿನೇಳನೇ ತೂಬಿನ ಸರದಿ ಬುಧವಾರ ಬೆಳಿಗ್ಗೆ. ಸಂಘದ ಪುಸ್ತಕದಲ್ಲಿ ತೋಟ ಮೊನ್ನೆ ನಿನ್ನ ಹೆಸರಿಗೆ ಬಂದ ಮೇಲೆ ಮೊದಲನೇದು. ಮೊದಲ ಸಲ ಒಡೆಯರೇ ಬಂದು ಮಡೆ ತೆಗೀಬೇಕು. ಮಂಗಳವಾರದ ಬಸ್ಸಲ್ಲಿ ಮುಂದಿನ ಸೀಟು ಇಟ್ಟಿರು ಅಂತ ಕಿರೋಗಾಗೆ ಹೇಳಿದೀನಿ. ನೀನು ಬರದಿದ್ರೆ ಖಾಲಿ ಬರತ್ತೆ, ಪರವಾಗಿಲ್ಲ.

ಬಂದ್ರೆ ಒಂದು ಮಾತು. ಬೆಳಿಗ್ಗೆ ಕಾಲುವೆ ಮೇಲೆ ಜನ ಇರ್ತಾರೆ. ಒಬ್ಬ ಸಲಿಕೆ ಹುಡುಕ್ತಿರ್ತಾನೆ, ಒಬ್ಬಳು ಬೇಲಿ ಕಟ್ತಿರ್ತಾಳೆ, ಏನೋ ಬೇರೆ ಕೆಲಸ ಇರೋ ಹಾಗೆ. ಅವರಲ್ಲಿ ಯಾರು ಎಷ್ಟು ಬಿಟ್ರು ಅಂತ ಮುಖ ನೋಡಿ ಕಂಡುಹಿಡಿಯೋಕೆ ಹೋಗ್ಬೇಡ. ಎಲ್ಲರಿಗೂ ಒಂದೇ ಥರ ಕೈಯೆತ್ತು. ಆಮೇಲೆ ನಿನ್ನ ಪಾಡಿಗೆ ಮಡೆ ತೆಗಿ. ನಾನು ಅಲ್ಲೇ ಇರ್ತೀನಿ.

ಎವಾರಿಸ್ತೊ